ಪೈಲ್ವಾನರ ಪೆಟ್ಟು ಮತ್ತು ಫ್ಯಾಮಿಲಿ ರೂಮಿನ ಪರದೆ

ಎಷ್ಟು ಊರು ಸುತ್ತಿದರೂ ಕೆಲವು ಜಗಳಗಳು ನಮ್ಮನ್ನು ನಮ್ಮ ಊರಿನಲ್ಲೇ ಕಾಯುತ್ತ ಕೂತಿರುತ್ತವೆ. ನಾನು ನರ್ಸ್ ಕೆಲಸ ಹಿಡಿದು ಬೊಂಬಾಯಿ, ಮೊಂಬಾಸಾ, ಬಹರೈನ್, ನಡುವೆ ಒಂದು ವರ್ಷ ಪ್ರಯಾಣಿಕರ ಹಡಗು ಎಂದು ಅಲೆದವಳು. ರಜೆಯಲ್ಲಿ ಮಂಗಳೂರಿಗೆ ಬಂದರೆ ಮೊದಲ ದಿನ ಅಮ್ಮನ ಜೊತೆ ಇಗರ್ಜಿಗೆ, ಎರಡನೇ ದಿನ ನೆಂಟರ ಮನೆಗೆ, ಮೂರನೇ ದಿನ ತಪ್ಪದೆ ಒಬ್ಬ ಪೈಲ್ವಾನರ ಬಗ್ಗೆ ಜಗಳಕ್ಕೆ. ಹದಿಮೂರು ವರ್ಷ ನಡೆದ ಜಗಳ. ಅದರಲ್ಲಿ ನನ್ನ ರಕ್ತ ಒಂದು ತೊಟ್ಟೂ ಬೀಳಲಿಲ್ಲ. ಪೈಲ್ವಾನರದ್ದೂ ಬಿದ್ದಿಲ್ಲ ಎಂಬುದೇ ನನ್ನ ವಾದವಾಗಿತ್ತು.

೧. ಫ್ಯಾಮಿಲಿ ಇಲ್ಲದವರಿಗೂ ಅಲ್ಲೇ

ಕುದ್ರೋಳಿಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಒಂದು ಹೋಟೆಲ್. ಅದರ ಧಣಿಗಳು ಗುತ್ತಿನ ಮನೆಯವರು, ಹಳೆಯ ಜಮೀನ್ದಾರರು. ಗದ್ದೆಗಳು ಒಕ್ಕಲಿನವರ ಪಾಲಾದ ಮೇಲೆ ಉಳಿದ ಗತ್ತನ್ನು ಪೇಟೆಗೆ ತಂದು ಕ್ಯಾಶ್ ಕೌಂಟರಿನ ಹಿಂದೆ ಕೂರಿಸಿದ್ದರು. ಅವರ ತಲೆಯ ಮೇಲೆ ಮೂರು ಫೋಟೊ: ಗಣಪತಿ, ಕೋಟು ತೊಟ್ಟ ಅವರ ತಂದೆ, ಚಡ್ಡಿ ತೊಟ್ಟ ಪೈಲ್ವಾನರು. ಊದುಬತ್ತಿ ಮೂವರಿಗೂ ಸಮಪಾಲು.

ಪೈಲ್ವಾನರ ಹೆಸರು ಹೇಳುವುದು ಬೇಡ. ಫ್ರೀಸ್ಟೈಲ್ ಕುಸ್ತಿ ಎಂದರೆ ಅವರೇ ಎಂದು ಇಡೀ ದೇಶ ನಂಬಿದ್ದ ಕಾಲ ಅದು. ಆ ಫೋಟೊದ ಕೆಳಗೆ ಒಂದನೇ ನಂಬರ್ ಮೇಜು. ಸಂಜೆ ನಾಲ್ಕಕ್ಕೆ ಅಲ್ಲಿ ಚಹಾ, ಗೋಳಿಬಜೆ, ಜಗತ್ತಿನ ಸಕಲ ಸಮಸ್ಯೆಗಳ ತೀರ್ಮಾನ.

ನಾನು ಮೊದಲ ಸಲ ಒಳಗೆ ಹೋದಾಗ ಆ ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಎಳೆದು ಕೂತೆ. ಧಣಿಗಳು ಕೌಂಟರಿನಿಂದ ಎದ್ದು ಬಂದರು. ಕ್ರಿಸ್ತರ ಹೆಂಗಸರನ್ನು ನಮ್ಮಲ್ಲಿ ಬಾಯಮ್ಮ ಎಂದೇ ಕರೆಯುವುದು.

"ಬಾಯಮ್ಮ, ನೀವು ಫ್ಯಾಮಿಲಿ ರೂಮಿಗೆ ಹೋಗಿ."

"ನನಗೆ ಫ್ಯಾಮಿಲಿ ಇಲ್ಲ ಧಣಿಗಳೇ."

"ಇಲ್ಲದವರಿಗೂ ಅಲ್ಲೇ."

ಫ್ಯಾಮಿಲಿ ರೂಮು ಎಂದರೆ ಮೂಲೆಯಲ್ಲಿ ಹಲಗೆಯ ಗೂಡು. ಅದರ ನೆಲವೂ ಹಲಗೆಯದ್ದು, ಹೊರಗಿನ ದೊಡ್ಡ ಹಾಲಿಗಿಂತ ಒಂದು ಮೆಟ್ಟಿಲು ಎತ್ತರ. ಮುಂದೆ ಹಸಿರು ಪರದೆ. ಒಂಟಿ ಹೆಂಗಸು ಹಾಲಿನಲ್ಲಿ ಕೂತರೆ ಗಿರಾಕಿಗಳಿಗೆ ನಾಚಿಕೆಯಾಗುತ್ತದಂತೆ. ಮೊಂಬಾಸಾದ ಧಕ್ಕೆಯಲ್ಲಿ ಖಲಾಸಿಗಳ ನಡುವೆ ನಿಂತು ಮೀನು ತಿಂದವಳು ನಾನು, ಪರದೆಯ ಹಿಂದೆ ಬನ್ಸ್ ತಿನ್ನುತ್ತ ಕೂತೆ. ಹೊರಗೆ ಪೈಲ್ವಾನರ ಗುಣಗಾನ ನಡೆದಿತ್ತು. ಅವರ ಕೈಯ ಒಂದು ಪೆಟ್ಟಿಗೆ ಆನೆ ಕೂಡ ಕೂರುತ್ತದೆ ಎಂದರು ಧಣಿಗಳು. ನನಗೆ ತಡೆಯಲಾಗಲಿಲ್ಲ.

"ಅವರಿಗೆ ಬರುವುದು ಮೂರೇ ಪಟ್ಟು," ಎಂದೆ ಒಳಗಿನಿಂದ.

ಧ್ವನಿ ಎಲ್ಲಿಂದ ಬಂತೆಂದು ತಿಳಿಯದೆ ಧಣಿಗಳು ಮೊದಲು ತಂದೆಯ ಫೋಟೊ ನೋಡಿದರಂತೆ. ಹೆಣ್ಣು ಧ್ವನಿ ಎಂದು ಆಮೇಲೆ ಹೊಳೆಯಿತಂತೆ.

"ನಿಮಗೆ ಹೇಗೆ ಗೊತ್ತು?"

"ಬೊಂಬಾಯಿಯಲ್ಲಿ ಪಂದ್ಯದ ಮರುದಿನ ನಮ್ಮ ಆಸ್ಪತ್ರೆಗೆ ಬರುವುದು ಸೋತವರು. ಅವರ ಮೈಯಲ್ಲಿ ಪೆಟ್ಟಿನ ಗುರುತು ಇರುವುದಿಲ್ಲ, ಬಿದ್ದ ಗುರುತು ಇರುತ್ತದೆ. ನಿಮ್ಮ ಪೈಲ್ವಾನರಿಗೆ ಹೆಸರು ಹೆಚ್ಚಾಯ್ತು ಧಣಿಗಳೇ. ಕೆಲಸ ಎಲ್ಲ ಬೀಳುವವನದ್ದು."

ಪಂಥ ಅಲ್ಲೇ ಕಟ್ಟಿದೆವು. ಪೈಲ್ವಾನರ ಪೆಟ್ಟು ತಾಗುವುದಿಲ್ಲವೆಂದು ನಾನು ಸಾಬೀತು ಮಾಡಿದರೆ ಒಂದನೇ ಮೇಜಿನಲ್ಲಿ ಎಲ್ಲರೆದುರು ನನಗೆ ಕುರ್ಚಿ. ಸೋತರೆ ಎಲ್ಲರೆದುರು ಪೈಲ್ವಾನರ ಫೋಟೊಕ್ಕೆ ನಾನು ಮಲ್ಲಿಗೆ ಹಾಕಬೇಕು. ತೀರ್ಪುಗಾರರು ಅದೇ ಮೇಜಿನ ಡ್ರಿಲ್ ಮಾಸ್ಟ್ರು. ಶಾಲೆಯಿಂದ ರಿಟೈರ್ ಆದರೂ ಕೊರಳಿನ ವಿಸಿಲಿಗೆ ರಿಟೈರ್‌ಮೆಂಟ್ ಕೊಡದವರು. ಪಂಥಕ್ಕೆ ಕೈ ತಟ್ಟಬೇಕಲ್ಲ, ನನ್ನ ಕೈ ಪರದೆಯಿಂದ ಹೊರಗೆ ಬಂತು. ಪರ ಹೆಂಗಸಿನ ಕೈ ಮುಟ್ಟುವುದು ಹೇಗೆಂದು ಧಣಿಗಳು ಮಾಸ್ಟ್ರ ಕೈಗೆ ತಟ್ಟಿದರು, ಮಾಸ್ಟ್ರು ಓಡಿ ಬಂದು ನನ್ನ ಕೈಗೆ ತಟ್ಟಿದರು.

"ರಿಲೇಯಲ್ಲಿ ಇದೆಲ್ಲ ಉಂಟು," ಎಂದರು ಮಾಸ್ಟ್ರು, "ಫೌಲ್ ಅಲ್ಲ."

೨. ಲೇಡೀಸ್ ಗ್ಯಾಲರಿ

ಎರಡು ವರ್ಷ ಬಿಟ್ಟು ಪೈಲ್ವಾನರೇ ನಮ್ಮ ಮೈದಾನಕ್ಕೆ ಬಂದರು. ಎದುರಾಳಿ ಮುಸುಕು ಹಾಕಿದ ಒಬ್ಬ ವಿದೇಶಿ. ಮುಸುಕಿನ ಒಳಗಿರುವುದು ಯಾವ ದೇಶ ಎಂದು ಯಾರೂ ಕೇಳಲಿಲ್ಲ.

ಮೈದಾನದಲ್ಲೂ ಹೆಂಗಸರಿಗೆ ಬೇರೆ ಜಾಗ, ಹಗ್ಗ ಕಟ್ಟಿ ಮಾಡಿದ್ದು. ಐವತ್ತು ಕುರ್ಚಿ ಹಾಕಿದ್ದರು. ಕೂತದ್ದು ಮೂವರು, ನಾನು ಮತ್ತು ಇಬ್ಬರು ಕನ್ಯಾಸ್ತ್ರೀಯರು. ಒಬ್ಬರು ನನಗೆ ನಾಲ್ಕನೇ ಕ್ಲಾಸಿನಲ್ಲಿ ನೀತಿಪಾಠ ಹೇಳಿಕೊಟ್ಟ ಸಿಸ್ಟರ್. "ಅನಾಥಾಲಯಕ್ಕೆ ಯಾರೋ ಪಾಸ್ ಕೊಟ್ಟಿದ್ರು, ಹಾಳು ಮಾಡಬಾರದಲ್ಲ," ಎಂದರು.

ಪಂದ್ಯ ಶುರುವಾದ ಐದೇ ನಿಮಿಷಕ್ಕೆ ನನಗೆ ಬೇಕಾದ್ದು ಸಿಕ್ಕಿತು. ಪೈಲ್ವಾನರು ಕೈ ಬೀಸಿದಾಗೆಲ್ಲ ಬಲಗಾಲನ್ನು ರಿಂಗಿನ ಹಲಗೆಗೆ ಅಪ್ಪಳಿಸುತ್ತಿದ್ದರು. ಢಮ್ ಎಂಬ ಶಬ್ದ ಕಾಲಿನದ್ದು. ಕೈಗೂ ಮುಸುಕಿಗೂ ನಡುವೆ ಒಂದು ಗೇಣು ಗಾಳಿ ಆಡುತ್ತಿತ್ತು. ಮುಸುಕಿನವನು ಮಾತ್ರ ಏನು ಚಂದ ಬೀಳುವುದು. ಒಮ್ಮೆ ತೆಂಗಿನ ಗೆರಟೆಯ ಹಾಗೆ ಉರುಳಿದ, ಒಮ್ಮೆ ಒದ್ದೆ ಬಟ್ಟೆಯ ಹಾಗೆ ಹಗ್ಗದ ಮೇಲೆ ನೇತುಬಿದ್ದ. ನಾನು ಅವನಿಗೆ ಚಪ್ಪಾಳೆ ತಟ್ಟಿದೆ. ಇಡೀ ಮೈದಾನದಲ್ಲಿ ಅವನಿಗೆ ಬಿದ್ದ ಚಪ್ಪಾಳೆ ಅದೊಂದೇ.

ಪಕ್ಕಕ್ಕೆ ತಿರುಗಿದರೆ ನೀತಿಪಾಠದ ಸಿಸ್ಟರ್ ಕುರ್ಚಿಯ ಮೇಲೆ ನಿಂತಿದ್ದಾರೆ. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದು ಕೈ ಮುಷ್ಟಿ. "ಮಾರ್ ತಾಕಾ," ಅಂದರೆ ಹೊಡಿ ಅವನಿಗೆ ಎಂದು ಕೊಂಕಣಿಯಲ್ಲಿ ಕೂಗುತ್ತಿದ್ದಾರೆ.

ಮುಗಿದ ಮೇಲೆ ಅವರನ್ನೇ ಸಾಕ್ಷಿ ಕೇಳಿದೆ. "ಸಿಸ್ಟರ್, ಕೈ ತಾಗಲೇ ಇಲ್ಲ, ನೀವೂ ನೋಡಿದ್ರಿ. ಹೋಟೆಲಿಗೆ ಬಂದು ಒಂದು ಮಾತು ಹೇಳ್ತೀರಾ?"

ಸಿಸ್ಟರ್ ಮುಸುಕು ಸರಿಮಾಡಿಕೊಂಡರು, ಅವರದ್ದು. "ಮಗಾ, ಕಾಣದ್ದನ್ನು ನಂಬುವುದಕ್ಕೇ ನಾನು ಮಠ ಸೇರಿದ್ದು."

೩. ಧಣಿಗಳ ಕಪಾಳಮೋಕ್ಷ

ಸಾಕ್ಷಿ ಕೈಕೊಟ್ಟ ಮೇಲೆ ಪ್ರಯೋಗವೇ ದಾರಿ. ಅದಕ್ಕೆ ಸರಿಯಾದ ಮನುಷ್ಯ ಹೋಟೆಲಿನಲ್ಲೇ ಇದ್ದ. ಸಪ್ಲಾಯರ್. ಮಳೆಗಾಲದಲ್ಲಿ ಮಾತ್ರ ಸಪ್ಲಾಯರ್. ಮಳೆ ಬಿಟ್ಟು ಯಕ್ಷಗಾನ ಮೇಳ ಹೊರಟರೆ ಆರು ತಿಂಗಳು ರಾಕ್ಷಸ ವೇಷ. ದಿನಕ್ಕೊಂದು ಊರಿನಲ್ಲಿ ದೇವಿ ವೇಷದವನ ಕೈಯಲ್ಲಿ ಸಾಯುವುದೇ ಅವನ ಹೊಟ್ಟೆಪಾಡು.

ಮುಂದಿನ ರಜೆ ಜುಲೈಯಲ್ಲಿ ಬಿತ್ತು. ಪರದೆಯ ಹಿಂದಿನಿಂದ ಸಪ್ಲಾಯರನನ್ನು ಕರೆದು ಕೇಳಿದೆ, "ಪೆಟ್ಟು ತಾಗದೆ ಬೀಳ್ಲಿಕ್ಕೆ ಆಗ್ತದಾ?"

"ತಾಗಿದ್ರೆ ಬೀಳ್ಲಿಕ್ಕೆ ಆಗುವುದಿಲ್ಲ ಅಕ್ಕ, ನೋವಾಗ್ತದೆ," ಎಂದ.

ಧಣಿಗಳು ಒಪ್ಪಲಿಲ್ಲ. ಕೊನೆಗೆ ಮಾಸ್ಟ್ರು ವಿಸಿಲ್ ಊದಿ ಪ್ರಯೋಗಕ್ಕೆ ಅಪ್ಪಣೆ ಕೊಟ್ಟರು. ಧಣಿಗಳು ಒಂದು ಗೇಣು ದೂರದಲ್ಲಿ ಕೈ ಬೀಸಬೇಕು, ಸಪ್ಲಾಯರ್ ಬೀಳಬೇಕು. ಬೀಸಿದರು. ಸಪ್ಲಾಯರನ ಕಾಲು ನೆಲಕ್ಕೆ ಬಡಿದ ಶಬ್ದಕ್ಕೆ ಗ್ಲಾಸುಗಳು ಅದುರಿದವು. ಸಪ್ಲಾಯರ್ ಕೆನ್ನೆ ಹಿಡಿದು ಎರಡು ಸುತ್ತು ತಿರುಗಿ, ಮೂರನೇ ಮೇಜಿಗೆ ಬಡಿದು, ಅಲ್ಲಿ ಚಹಾ ಕುಡಿಯುತ್ತಿದ್ದವರೊಬ್ಬರ ಕಾಲ ಬಳಿ ಬಿದ್ದು ಕಣ್ಣು ಮೇಲೆ ಮಾಡಿದ.

ಆ ಚಹಾ ಕುಡಿಯುತ್ತಿದ್ದವರು ಹೋಟೆಲ್ ಕಾರ್ಮಿಕರ ಯೂನಿಯನ್ನಿನ ಲೀಡರ್.

ಅವರು ನಿಧಾನ ಗ್ಲಾಸು ಕೆಳಗಿಟ್ಟರು. "ಕೆಲಸದವನ ಮೇಲೆ ಕೈ ಮಾಡಿದ್ರಾ ಧಣಿಗಳೇ? ನಾಳೆಯಿಂದ ಈ ರಸ್ತೆಯಲ್ಲಿ ಒಂದು ಹೋಟೆಲಿನಲ್ಲೂ ಒಲೆ ಉರಿಯುವುದಿಲ್ಲ."

"ನಾನು ಮುಟ್ಟಲಿಲ್ಲ ಮಾರಾಯ್ರೆ."

"ಶಬ್ದ ನಾನೇ ಕೇಳಿದ್ದೇನೆ."

ಪರದೆಯ ಸಂದಿಯಿಂದ ನಾನು ಮೆತ್ತಗೆ ಹೇಳಿದೆ, "ಶಬ್ದ ಬಂದರೂ ಪೆಟ್ಟು ತಾಗಿರಬೇಕಾಗಿಲ್ಲ ಎಂದು ಹೇಳಿ ಧಣಿಗಳೇ. ಒಂದೇ ಮಾತು. ಮುಷ್ಕರವೂ ಇಲ್ಲ, ಏನೂ ಇಲ್ಲ."

ಧಣಿಗಳು ನನ್ನ ಕಡೆ ನೋಡಿದರು. ಪೈಲ್ವಾನರ ಫೋಟೊ ನೋಡಿದರು. ಒಂದನೇ ಮೇಜಿನ ಕುರ್ಚಿ ನೋಡಿದರು. ಆಮೇಲೆ ಎದೆಯುಬ್ಬಿಸಿ ಲೀಡರಿಗೆ ಕೈ ಮುಗಿದರು.

"ಹೊಡೆದದ್ದು ಹೌದು. ಸರಿಯಾಗಿಯೇ ತಾಗಿದೆ. ತಪ್ಪಾಯ್ತು."

೪. ಬಹರೈನಿನ ಕ್ಯಾಸೆಟ್

ಎಂಬತ್ತರ ದಶಕ ಬಂತು, ಊರಿಗೆ ವಿಸಿಆರ್ ಬಂತು. ಪೈಲ್ವಾನರು ಗಲ್ಫಿನಲ್ಲಿ ಆಡಿದ ಒಂದು ಪಂದ್ಯವನ್ನು ಬಹರೈನಿನ ನನ್ನ ಕಸಿನ್ ಟೀವಿಯಿಂದ ಕ್ಯಾಸೆಟ್ಟಿಗೆ ಇಳಿಸಿಟ್ಟಿದ್ದ. ಇನ್ನೇನು ಬೇಕು. ನಿಲ್ಲಿಸಿ ನಿಲ್ಲಿಸಿ ತೋರಿಸಬಹುದಲ್ಲ, ಗಾಳಿಯ ಗೇಣನ್ನು ಅಳೆದೇ ಕೊಡಬಹುದು. ಕಸ್ಟಮ್ಸಿನವರು ಪೆಟ್ಟಿಗೆಯ ಸೋಪು, ಸೆಂಟು ಎಲ್ಲ ಹೊರಗೆ ತೆಗೆದು ನೋಡಿದರೂ ನಾನು ಎದೆಗೆ ಒತ್ತಿ ಹಿಡಿದದ್ದು ಆ ಕ್ಯಾಸೆಟ್ಟನ್ನು.

ಒಂದು ಭಾನುವಾರ ಮಧ್ಯಾಹ್ನ ಹೋಟೆಲಿಗೆ ಬಾಡಿಗೆಯ ವಿಸಿಆರ್, ಟೀವಿ ಬಂದವು. ಟೀವಿಯನ್ನು ಫೋಟೊದ ಕೆಳಗೆ ಇಟ್ಟರು. ನನಗೆ ಕಾಣಲೆಂದು ಪರದೆಯಲ್ಲಿ ನಾಲ್ಕು ಬೆರಳು ಸಂದಿ ಬಿಡಲು ಧಣಿಗಳು ಉದಾರವಾಗಿ ಒಪ್ಪಿದರು.

ಹತ್ತು ನಿಮಿಷ ಗುದ್ದಾಟ. ಮಾಸ್ಟ್ರು ಚಿತ್ರ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದರು. "ಈಗ ಎತ್ತಿ ಒಗೆಯುತ್ತಾರೆ, ಎದುರಾಳಿಯ ಕಾಲು ನೋಡಿ, ಅವನೇ ಹಾರುವುದು," ಎಂದೆ. ಪೈಲ್ವಾನರು ಆ ದೈತ್ಯನನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿದರು. ಒಂದು ಗೀಟು ಬಂತು, ಪರ್ರ್ ಎಂದಿತು, ಮತ್ತೆ ಚಿತ್ರ ಸ್ವಚ್ಛವಾಯಿತು.

ಇಗರ್ಜಿ. ಬಿಳಿ ನಿಲುವಂಗಿಯ ಪಾದ್ರಿ. ಅವರ ಎರಡೂ ಕೈಯಲ್ಲಿ ಒಂದು ಮಗು, ಅದನ್ನು ಮೆಲ್ಲ ನೀರಿನ ಕಡೆಗೆ ಇಳಿಸುತ್ತಿದ್ದಾರೆ. ನನ್ನ ಕಸಿನ್ ಅದೇ ಕ್ಯಾಸೆಟ್ಟಿನ ಮೇಲೆ ಮಗಳ ದೀಕ್ಷಾಸ್ನಾನ ತುಂಬಿಸಿದ್ದ.

ಮುಂದಿನ ಮುಕ್ಕಾಲು ಗಂಟೆ ಹೋಟೆಲಿನ ಗಿರಾಕಿಗಳು ನನ್ನ ನೆಂಟರು ಕೇಕ್ ತಿನ್ನುವುದನ್ನು ನೋಡಿದರು. ಕುಸ್ತಿ ತಿರುಗಿ ಬರಬಹುದೆಂದು ಯಾರೂ ಏಳಲಿಲ್ಲ. ಬರಲಿಲ್ಲ. ಮಾಸ್ಟ್ರು ಎದ್ದು ನಿಂತು ತೀರ್ಪು ಕೊಟ್ಟರು.

"ಎತ್ತಿದ್ದು ಪೈಲ್ವಾನರು. ಇಳಿಸಿದ್ದು ಪಾದ್ರಿ. ಪಂದ್ಯ ಡ್ರಾ."

೫. ಪರದೆಯ ಒಳಗೆ ಪೈಲ್ವಾನರು

ಕೊನೆಗೊಮ್ಮೆ ನಾನು ಗಲ್ಫಿನ ಕೆಲಸ ಬಿಟ್ಟೇ ಬಂದೆ. ಚೌತಿ ಕಳೆದ ವಾರ. ಪೇಟೆಯಲ್ಲಿ ಯಾವುದೋ ಅಂಗಡಿಯ ಉದ್ಘಾಟನೆಗೆ ಪೈಲ್ವಾನರು ವಿಮಾನದಲ್ಲಿ ಬರುತ್ತಾರೆಂದು ಸುದ್ದಿಯಾಯಿತು. ಧಣಿಗಳು ಬೆಳಿಗ್ಗೆಯೇ ಹೋಗಿ ವಿಮಾನ ನಿಲ್ದಾಣದ ದಾರಿಯ ಕಾವೂರಿನಲ್ಲಿ ರಸ್ತೆಗೆ ಅಡ್ಡ ನಿಂತರು, ಕಾರು ನಿಲ್ಲಿಸಿದರು, ಊಟಕ್ಕೆ ಕರೆದರು. ಪೈಲ್ವಾನರಿಗೆ ಹಸಿವಾಗಿತ್ತೋ ಏನೋ, ಒಪ್ಪಿದರು.

ಅಷ್ಟರಲ್ಲಿ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಜನ ಕಿಟಕಿಯ ಸರಳಿಗೂ ಜೋತುಬಿದ್ದಿದ್ದರು. ನಾನು ನನ್ನ ಜಾಗದಲ್ಲಿ, ಪರದೆಯ ಹಿಂದೆ, ನೀರುದೋಸೆ ತಿನ್ನುತ್ತಿದ್ದೆ. ಪೈಲ್ವಾನರು ಒಂದನೇ ಮೇಜನ್ನು ನೋಡಿದರು, ಜನರನ್ನು ನೋಡಿದರು, ಹಿಂದಿಯಲ್ಲಿ ಧಣಿಗಳನ್ನು ಕೇಳಿದರು, "ಪರದೆ ಇರುವ ಜಾಗ ಯಾವುದಾದರೂ ಇದೆಯೇ?"

ಧಣಿಗಳ ತಲೆ ಪರದೆಯೊಳಗೆ ತೂರಿತು. "ಬಾಯಮ್ಮ, ಒಮ್ಮೆ ಹೊರಗೆ ಬನ್ನಿ."

"ಹೊರಗೆ ಎಲ್ಲಿಗೆ? ಹಾಲಿನಲ್ಲಿ ಹೆಂಗಸರು ಕೂರ್ಲಿಕ್ಕಿಲ್ಲ ಅಲ್ವಾ?"

ಧಣಿಗಳು ಪೈಲ್ವಾನರನ್ನೇ ಒಳಗೆ ಬಿಟ್ಟು ಪರದೆ ಎಳೆದರು. ಪೈಲ್ವಾನರು ನನ್ನೆದುರಿನ ಬೆಂಚಿನಲ್ಲಿ ಕೂತರು. ಕೂರುವ ಮೊದಲು ಮೇಜು ಹಿಡಿದು, ಒಂದೊಂದೇ ಕಾಲು ಒಳಗೆ ಎಳೆದುಕೊಂಡ ರೀತಿ ನೋಡಿದೆ. ಆಸ್ಪತ್ರೆಯ ಕಣ್ಣಲ್ಲವೇ.

"ಎಡ ಮೊಣಕಾಲಾ?" ಬೊಂಬಾಯಿ ಹಿಂದಿಯಲ್ಲಿ ಕೇಳಿದೆ.

"ಎರಡೂ, ಬಹೆನ್‌ಜೀ."

ಊಟ ಬಂತು. ಅವರು ನೀರುದೋಸೆಯನ್ನು ಕರವಸ್ತ್ರದ ಹಾಗೆ ಬಿಡಿಸಿ ನೋಡಿ, ಒಂದೊಂದನ್ನು ಒಂದೊಂದು ತುತ್ತು ಮಾಡಿದರು. ಹೊಟ್ಟೆ ತುಂಬಿದ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ನನ್ನ ಅನುಭವ. ಸಪ್ಲಾಯರ್ ತಟ್ಟೆ ಎತ್ತಲು ಬಂದಾಗ ಹೇಳಿಯೇ ಬಿಟ್ಟೆ, ಈ ಹೋಟೆಲಿನಲ್ಲಿ ಅವರ ಕುಸ್ತಿಯ ಬಗ್ಗೆ ಹದಿಮೂರು ವರ್ಷದಿಂದ ವಾದ ನಡೆದಿದೆ, ವಿರೋಧ ಪಕ್ಷ ನಾನೇ.

ಅವರು ಮೆತ್ತಗೆ ನಕ್ಕರು. "ನಿಮ್ಮ ಪಕ್ಷವೇ ಸರಿ. ನನಗೆ ಬರುವುದು ಮೂರು ಪಟ್ಟು. ನಾಲ್ಕನೆಯದು ಕಲಿಯುವಷ್ಟರಲ್ಲಿ ಹೆಸರು ಬಂದುಬಿಟ್ಟಿತು. ಆಮೇಲೆ ಕಲಿಯುವ ಅಗತ್ಯವೇ ಬೀಳಲಿಲ್ಲ. ನನ್ನೆದುರು ಬಿದ್ದರಲ್ಲ, ಅವರು ಉಸ್ತಾದರು."

ಹದಿಮೂರು ವರ್ಷದ ಪಂಥ ನನ್ನ ಕೈಯಲ್ಲಿ ಬಂದು ಕೂತಿತ್ತು. ಪರದೆ ಸರಿಸಿ ಒಂದು ಮಾತು ಕೂಗಿದರೆ ಸಾಕು. ಅಷ್ಟರಲ್ಲಿ ಅವರು ಅಂದರು, "ಆದರೆ ಹೊರಗೆ ಹೇಳಬೇಡಿ. ಆ ಮನುಷ್ಯ ನನ್ನನ್ನು ಅವರ ತಂದೆಯ ಪಕ್ಕದಲ್ಲಿ ಇಟ್ಟಿದ್ದಾರೆ."

ಹೊರಗೆ ಧಣಿಗಳು, "ಹಾರ ರೆಡಿ ಮಾಡಿ, ಈಗ ಪೈಲ್ವಾನರು ಬರ್ತಾರೆ," ಎಂದು ಘೋಷಿಸುತ್ತಿದ್ದರು. ಪೈಲ್ವಾನರು ಏಳಲು ನೋಡಿದರು. ಮೊಣಕಾಲು ಬೆಂಚು ಮತ್ತು ಮೇಜಿನ ನಡುವೆ ಹಿಡಿದುಕೊಂಡಿತ್ತು. ನಾನು ಹಿಂದಿನಿಂದ ಎರಡೂ ಕೈಯಲ್ಲಿ ನೂಕಿದೆ, ಸಪ್ಲಾಯರ್ ಮುಂದಿನಿಂದ ಹೆಗಲು ಕೊಟ್ಟ. ಅರ್ಧ ಎದ್ದರು. ಆನೆ ಕೂರಿಸುವ ಆ ಕೈ ಸಪ್ಲಾಯರನ ಕುತ್ತಿಗೆಗೆ ನೇತುಕೊಂಡಿತ್ತು. ಆಗಲೇ ಹೊರಗಿನಿಂದ ಯಾರೋ ಪರದೆಗೆ ಕೈ ಹಾಕಿದರು. ಪರದೆ ಸರಳಿನ ಬಳೆಗಳು ಕಿರ್ ಎಂದು ಸರಿಯತೊಡಗಿದವು.

ಸಪ್ಲಾಯರ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ವರ್ಷಕ್ಕೆ ಆರು ತಿಂಗಳು ಸಾಯುವವನಿಗೆ ಇನ್ನೇನು ವಿವರಿಸಬೇಕು.

ಅವನು ಹಲಗೆಗೆ ಕಾಲು ಅಪ್ಪಳಿಸಿದ. ಢಮ್. ಮೇಳದ ರಾಕ್ಷಸನ ಕೂಗು ಒಂದು ಹೊರಟಿತು. ಹಿಂದಕ್ಕೆ ಹಾರಿದವನು ಪರದೆ, ಸರಳು, ಬಳೆ, ನನ್ನ ತಟ್ಟೆ ಎಲ್ಲವನ್ನೂ ಎಳೆದುಕೊಂಡು ಹಾಲಿಗೆ ಬಿದ್ದ. ಮೂರು ಉರುಳು ಉರುಳಿ, ಒಂದನೇ ಮೇಜಿನ ಬುಡದಲ್ಲಿ ಎರಡು ಸಲ ಕಾಲು ಒದರಿ, ಪ್ರಾಣ ಬಿಟ್ಟ. ಅದೇ ಹೊತ್ತಿಗೆ ನನ್ನ ನೂಕಾಟ ಫಲಿಸಿ ಪೈಲ್ವಾನರು ನೆಟ್ಟಗೆ ನಿಂತರು. ಆಧಾರ ಹಾರಿಹೋಗಿ ಬಲಗೈ ಗಾಳಿಯಲ್ಲೇ ಉಳಿದಿತ್ತು. ಥೇಟ್ ಫೋಟೊದ ಹಾಗೆ.

ಆಮೇಲೆ ಚಪ್ಪಾಳೆಗೆ ಹಂಚು ಅದುರಿತು. ಧಣಿಗಳ ಕಣ್ಣಲ್ಲಿ ನೀರು. "ಒಂದೇ ಕೈ ಮಾರಾಯ್ರೆ, ಊಟ ಮಾಡಿದ ಕೈ, ತೊಳೆದೂ ಇಲ್ಲ," ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು.

ಪೈಲ್ವಾನರು ಗೋಡೆ ಹಿಡಿದು ಮೆಟ್ಟಿಲಿಳಿದು ಬಂದು, ಬಿದ್ದವನ ಬಳಿ ನಿಂತು ಕೈ ಮುಗಿದರು. "ಉಸ್ತಾದ್," ಎಂದರು. ಸತ್ತವನು ಒಂದು ಕಣ್ಣು ತೆರೆದು ಮುಚ್ಚಿದ.

ಮಾಸ್ಟ್ರು ವಿಸಿಲ್ ಊದಿದರು. ನಾನು ಸೋತೆ. ಮರುದಿನ ಎಲ್ಲರೆದುರು ಸ್ಟೂಲು ಹತ್ತಿ ಫೋಟೊಕ್ಕೆ ಮಲ್ಲಿಗೆ ಹಾಕಿದೆ.

ಆದರೆ ಪರದೆ ಮತ್ತೆ ಮೇಲೇರಲಿಲ್ಲ. ಪೈಲ್ವಾನರು ಹರಿದ ಪರದೆಗೆ ಹೊಲಿಗೆ ಹಾಕುವುದು ಮಹಾಪಾಪ ಎಂದರು ಧಣಿಗಳು, ಹೊಸದು ಕಟ್ಟುವುದು ಅದಕ್ಕಿಂತ ದೊಡ್ಡ ಅಪಮಾನ. ಹಳೆಯದರ ಒಂದು ತುಂಡಿಗೆ ಕಟ್ಟು ಹಾಕಿಸಿ ನಾಲ್ಕನೇ ಫೋಟೊ ಮಾಡಿದರು. ಪರದೆ ಇಲ್ಲದ ಫ್ಯಾಮಿಲಿ ರೂಮು ಎಂದರೆ ಹಾಲೇ ತಾನೆ. ಒಂದು ವಾರ ನಾನು ಅಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತೆ, ಯಾವ ಗಿರಾಕಿಯೂ ನಾಚಿ ಸಾಯಲಿಲ್ಲ. ಎಂಟನೇ ದಿನ ಎದ್ದು ಹೋಗಿ ಒಂದನೇ ಮೇಜಿನ ಕುರ್ಚಿ ಎಳೆದೆ. ಧಣಿಗಳು ನೋಡಿದರು, "ಬಾಯಮ್ಮನಿಗೆ ಒಂದು ಚಾ," ಎಂದರು.

ನವೆಂಬರಿನಲ್ಲಿ ಮೇಳ ಹೊರಟಿತು, ಸಪ್ಲಾಯರ್ ವೇಷ ಕಟ್ಟಿದ. ಪೈಲ್ವಾನರ ಪೆಟ್ಟು ತಿಂದವನೆಂದು ಧಣಿಗಳಿಗೆ ಅವನ ಮೇಲೆ ಅಭಿಮಾನ ಉಕ್ಕಿ, ಜೀವನದಲ್ಲಿ ಮೊದಲ ಸಲ ಆಟ ನೋಡಲು ಹೋದರು. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಬಂದು ನನ್ನೆದುರು ಕೂತರು. ಪಕ್ಕದಲ್ಲಿ ಮಾಸ್ಟ್ರು.

"ಹೇಗಿತ್ತು ಧಣಿಗಳೇ?"

"ಎಂತ ಹೇಳುವುದು ಬಾಯಮ್ಮ." ಚಹಾ ಊದಿ ಒಂದು ಗುಟುಕು ಕುಡಿದರು. "ಆ ದೇವಿ ವೇಷದವನಿಗೆ ಹೆಸರು ಹೆಚ್ಚಾಯ್ತು. ಕೆಲಸ ಎಲ್ಲ ಬೀಳುವವನದ್ದು."

ಮಾಸ್ಟ್ರ ಕೈ ಸರಕ್ಕನೆ ವಿಸಿಲಿಗೆ ಹೋಯಿತು. ನಾನು ಮೇಜಿನ ಕೆಳಗೆ ಅವರ ಪಾದವನ್ನು ತುಳಿದೆ. ಆ ಹೋಟೆಲಿನ ಚರಿತ್ರೆಯಲ್ಲೇ ಶಬ್ದ ಬಾರದೆ ತಾಗಿದ ಪೆಟ್ಟು ಅದೊಂದೇ.